ದವಡೆಯ ರಾತ್ರಿ ಪಾಳಿ: ನಿದ್ದೆಯಲ್ಲಿ ಹಲ್ಲು ಕಡಿಯುವವರು ಏನು ಮಾಡಬೇಕು?

ನಿದ್ದೆಯಲ್ಲಿ ಮಗು ಕಟಕಟ ಹಲ್ಲು ಕಡಿದರೆ ಕೋಲಾರದ ಕಡೆ ಮನೆಮನೆಯ ತೀರ್ಪು ಒಂದೇ: ಹೊಟ್ಟೆಯಲ್ಲಿ ಹುಳುವಾಗಿದೆ. ದೊಡ್ಡವರು ಕಡಿದರೆ, ಯಾರ ಮೇಲೋ ಸಿಟ್ಟಿರಬೇಕು ಎಂದು ನಕ್ಕು ಪಕ್ಕದಲ್ಲಿದ್ದವರು ಮಗ್ಗುಲು ಬದಲಿಸುತ್ತಾರೆ. ಮೊದಲನೆಯದಕ್ಕೆ ಗಟ್ಟಿ ಪುರಾವೆ ಇಲ್ಲ. ಎರಡನೆಯದರಲ್ಲಿ ಅರ್ಧ ಸತ್ಯವಿದೆ.

ವೈದ್ಯರು ಬ್ರಕ್ಸಿಸಂ ಎಂದು ಕರೆಯುವ ಈ ತೊಂದರೆ ವಯಸ್ಕರಲ್ಲಿ ನೂರಕ್ಕೆ ಸುಮಾರು ಎಂಟು ಮಂದಿಗೆ ಇರುತ್ತದೆ. ಮೇಲಿನ ಹಲ್ಲು, ಕೆಳಗಿನ ಹಲ್ಲು ಸರಿಯಾಗಿ ಕೂಡದಿರುವುದೇ ಇದಕ್ಕೆ ಕಾರಣವೆಂದು ಹಿಂದೆ ನಂಬಿದ್ದರು. ಈಗಿನ ತಿಳಿವಳಿಕೆಯ ಪ್ರಕಾರ ಇದು ಶುರುವಾಗುವುದು ಬಾಯಲ್ಲಲ್ಲ, ಮಿದುಳಿನಲ್ಲಿ. ಹಗುರ ನಿದ್ದೆಯ ಹಂತದಲ್ಲಿ ಮಿದುಳು ಕೆಲವೇ ಕ್ಷಣಗಳ ಮಟ್ಟಿಗೆ ಅರೆ ಎಚ್ಚರವಾಗುತ್ತದೆ, ಹೃದಯದ ಬಡಿತ ಏರುತ್ತದೆ, ಅದರ ಬೆನ್ನಿಗೇ ದವಡೆಯ ಸ್ನಾಯುಗಳು ಬಿಗಿಯುತ್ತವೆ. ಬೆಳಿಗ್ಗೆ ನಿಮಗೆ ಇದ್ಯಾವುದೂ ನೆನಪಿರುವುದಿಲ್ಲ. ಹಾಗಾಗಿ ‘ಮನಸ್ಸು ಗಟ್ಟಿ ಮಾಡಿಕೊಂಡು ಬಿಟ್ಟುಬಿಡಿ’ ಎಂಬ ಉಪದೇಶ ಇಲ್ಲಿ ಕೆಲಸಕ್ಕೆ ಬಾರದು.

ಮೊದಲು ಖಚಿತಪಡಿಸಿಕೊಳ್ಳಿ

ಜೊತೆಯಲ್ಲಿ ಮಲಗುವವರನ್ನು ಕೇಳಿ. ಒಬ್ಬರೇ ಇದ್ದರೆ ಮೊಬೈಲಿನ ಧ್ವನಿಮುದ್ರಣವನ್ನು ಕೆಲವು ರಾತ್ರಿ ತಲೆದಿಂಬಿನ ಬಳಿ ಚಾಲೂ ಇಡಿ. ಆದರೆ ಎಲ್ಲರೂ ಸದ್ದು ಮಾಡುವುದಿಲ್ಲ. ಕೆಲವರು ಹಲ್ಲುಗಳನ್ನು ಒಂದರ ಮೇಲೊಂದು ಒತ್ತಿ ಬಿಗಿಹಿಡಿಯುತ್ತಾರೆ ಅಷ್ಟೆ. ಅಂಥವರಿಗೆ ಬೆಳಗಿನ ಲಕ್ಷಣಗಳೇ ಸಾಕ್ಷಿ: ಎದ್ದ ಕೂಡಲೇ ದವಡೆ ಹಿಡಿದುಕೊಂಡಿರುವುದು, ಕಣತಲೆಯ ನೋವು, ತಣ್ಣೀರು ತಾಗಿದರೆ ಹಲ್ಲು ಜುಮ್ಮೆನ್ನುವುದು. ಹೊತ್ತು ಏರಿದಂತೆ ಈ ನೋವು ತಗ್ಗುತ್ತಿದ್ದರೆ ಅನುಮಾನ ಬಲವಾಗುತ್ತದೆ.

ಕನ್ನಡಿಯ ಮುಂದೆ ನಿಲ್ಲಿ

ಬಾಯಿ ತೆರೆದು ಕೋರೆಹಲ್ಲಿನ ತುದಿ ನೋಡಿ. ಚೂಪಾಗಿರಬೇಕಾದದ್ದು ಸಪಾಟಾಗಿದೆಯೇ? ನಾಲಗೆಯ ಅಂಚಿನಲ್ಲಿ ಹಲ್ಲಿನ ಅಚ್ಚುಗಳಿವೆಯೇ? ಕೆನ್ನೆಯ ಒಳಮೈಯಲ್ಲಿ, ಹಲ್ಲು ಕೂಡುವ ಮಟ್ಟಕ್ಕೆ, ಬಿಳಿ ಗೆರೆಯೊಂದು ಕಾಣುತ್ತದೆಯೇ? ಕಿವಿಯ ಕೆಳಗೆ ದವಡೆಯ ಮೂಲೆಗೆ ಬೆರಳಿಟ್ಟು ಹಲ್ಲು ಕಚ್ಚಿದರೆ ಉಬ್ಬುವ ಸ್ನಾಯು ಒತ್ತಿದಾಗ ನೋಯುತ್ತದೆಯೇ?

ನಮ್ಮ ಜಿಲ್ಲೆಯವರು ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಕೋಲಾರದ ಅನೇಕ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎಂಬುದು ಭಾರತೀಯ ಮಾನಕ. ಹಲ್ಲು ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಇದಕ್ಕಿಂತ ಹೆಚ್ಚು ಫ್ಲೋರೈಡಿನ ನೀರು ಕುಡಿದವರ ಹಲ್ಲುಗಳಲ್ಲಿ ಕಂದು ಕಲೆ, ಅಡ್ಡಗೆರೆ ಮೂಡುತ್ತವೆ. ತೀವ್ರವಾಗಿದ್ದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ ಸಣ್ಣ ರಂಧ್ರಗಳಿಂದ ಕೂಡಿ ಸುಲಭವಾಗಿ ಚಕ್ಕೆ ಏಳುತ್ತದೆ. ಇಂಥ ಹಲ್ಲಿನವರು ಸವೆತವನ್ನೂ ‘ನೀರಿನ ದೋಷ’ದ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತಾರೆ. ವ್ಯತ್ಯಾಸ ಗುರುತಿಸುವುದು ಕಷ್ಟವಲ್ಲ. ಫ್ಲೋರೈಡಿನ ಕಲೆ ಹಲ್ಲಿನ ಮುಖದ ಮೇಲೆ ಹರಡಿ, ಎಡಬಲ ಎರಡೂ ಕಡೆ ಒಂದೇ ರೀತಿ ಇರುತ್ತದೆ. ಕಡಿತದ ಸವೆತ ತುದಿಗಳಲ್ಲಿ ಇರುತ್ತದೆ; ದವಡೆಯನ್ನು ಅತ್ತಿತ್ತ ಸರಿಸಿದರೆ ಮೇಲಿನ ಹಲ್ಲಿನ ಸಪಾಟು ಭಾಗ ಕೆಳಗಿನದರ ಮೇಲೆ ಸರಿಯಾಗಿ ಹೊಂದಿ ಕೂರುತ್ತದೆ. ಎರಡೂ ಇರುವವರು ತಡಮಾಡದೆ ದಂತವೈದ್ಯರಿಗೆ ತೋರಿಸಬೇಕು. ಸವೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ.

ಪ್ರಚೋದಕಗಳ ಪಟ್ಟಿ ಮಾಡಿ

ಒಂದು ಚೀಟಿಯಲ್ಲಿ ನಾಲ್ಕು ವಿಷಯ ಬರೆಯಿರಿ. ಕಾಫಿ, ಚಹಾ ದಿನಕ್ಕೆ ಎಷ್ಟು, ಕೊನೆಯದು ಎಷ್ಟು ಗಂಟೆಗೆ? ಬೀಡಿ, ಸಿಗರೇಟು, ಮದ್ಯ? ಯಾವ ಮಾತ್ರೆ ನುಂಗುತ್ತಿದ್ದೀರಿ? ಗೊರಕೆ ಉಂಟೇ?

ಕಾಫಿಯನ್ನು ಮಧ್ಯಾಹ್ನಕ್ಕೇ ನಿಲ್ಲಿಸಿ. ನಿದ್ದೆ ಬರಲಿ ಎಂದು ಕುಡಿಯುವ ಮದ್ಯ ನಿದ್ದೆಯನ್ನು ತುಂಡು ತುಂಡು ಮಾಡಿ ಕಡಿತವನ್ನು ಹೆಚ್ಚಿಸುತ್ತದೆ. ಮಾತ್ರೆಯ ವಿಷಯ ಸೂಕ್ಷ್ಮ. ಖಿನ್ನತೆ, ಆತಂಕಕ್ಕೆ ಕೊಡುವ ಫ್ಲುಯೊಕ್ಸೆಟಿನ್, ಸರ್ಟ್ರಲಿನ್‌ನಂಥ ಔಷಧಿಗಳಿಂದ ಕೆಲವರಿಗೆ ಹಲ್ಲು ಕಡಿತ ಶುರುವಾಗುವುದುಂಟು. ಹಾಗೆಂದು ನೀವೇ ನಿಲ್ಲಿಸಬಾರದು; ಬರೆದುಕೊಟ್ಟ ವೈದ್ಯರಿಗೆ ತಿಳಿಸಿದರೆ ಪ್ರಮಾಣವನ್ನೋ ಔಷಧಿಯನ್ನೋ ಬದಲಿಸುತ್ತಾರೆ.

ಇನ್ನು ಒತ್ತಡ. ಸಿಟ್ಟಿನ ಮಾತಿನಲ್ಲಿದ್ದ ಅರ್ಧ ಸತ್ಯ ಇದೇ. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳಲ್ಲಿ ಪಾಳಿ ಬದಲಾದಾಗಲೆಲ್ಲ ನಿದ್ದೆಯ ಹೊತ್ತು ಬದಲಾಗುವವರಿಗೆ, ಬಂಗಾರಪೇಟೆಯಿಂದ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಓಡುವವರಿಗೆ, ಟೊಮೆಟೊ ದರ ಕುಸಿದ ವಾರ ಮಂಡಿಯಿಂದ ಬರಿಗೈಯಲ್ಲಿ ಬಂದವರಿಗೆ ‘ಒತ್ತಡ ಕಡಿಮೆ ಮಾಡಿಕೊಳ್ಳಿ’ ಎಂದು ಬರೆಯಲು ನನಗೆ ಸಂಕೋಚವಾಗುತ್ತದೆ. ಒಂದಷ್ಟು ಮಾತ್ರ ಹೇಳಬಹುದು: ರಜೆಯ ದಿನವೂ ಸೇರಿದಂತೆ ಸಾಧ್ಯವಾದಷ್ಟೂ ಒಂದೇ ಹೊತ್ತಿಗೆ ಮಲಗಿ, ಹಾಸಿಗೆಗೆ ಮೊಬೈಲ್ ಒಯ್ಯಬೇಡಿ.

ಹಗಲಿನಲ್ಲಿ ದವಡೆಗೆ ಪಾಠ

ರಾತ್ರಿ ಕಡಿಯುವ ಹಲವರು ಹಗಲಿನಲ್ಲೂ ಅರಿವಿಲ್ಲದೆ ಹಲ್ಲು ಬಿಗಿಹಿಡಿದಿರುತ್ತಾರೆ, ಬೈಕ್ ಓಡಿಸುವಾಗ, ಲೆಕ್ಕ ಬರೆಯುವಾಗ. ಇದನ್ನು ತಿದ್ದಿಕೊಳ್ಳಬಹುದು. ತುಟಿ ಮುಚ್ಚಿರಲಿ, ಹಲ್ಲುಗಳ ನಡುವೆ ಸಣ್ಣ ಸಂದು ಇರಲಿ, ನಾಲಗೆಯ ತುದಿ ಮೇಲಿನ ಮುಂಹಲ್ಲುಗಳ ಹಿಂದೆ ಅಂಗುಳಿಗೆ ಮೆಲ್ಲಗೆ ತಾಗಿರಲಿ. ಊಟ ಮಾಡುವಾಗ, ನುಂಗುವಾಗ ಬಿಟ್ಟರೆ ಹಲ್ಲಿಗೆ ಹಲ್ಲು ತಾಗಬೇಕಾದ ಅಗತ್ಯವೇ ಇಲ್ಲ. ಮಲಗುವ ಮುನ್ನ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಹತ್ತು ನಿಮಿಷ ಎರಡೂ ದವಡೆಗೆ ಇಟ್ಟುಕೊಳ್ಳಿ. ದವಡೆ ನೋಯುತ್ತಿರುವ ದಿನಗಳಲ್ಲಿ ಚಕ್ಕುಲಿ, ಕಬ್ಬು, ಚ್ಯೂಯಿಂಗ್ ಗಮ್, ಅಡಿಕೆ ಬೇಡ. ಅಗಿಯದೆ ನುಂಗಬೇಕು ಎಂಬ ನಿಯಮವಿರುವ ರಾಗಿಮುದ್ದೆ, ಜೊತೆಗೊಂದಿಷ್ಟು ಮಸ್ಸೊಪ್ಪು ಇದ್ದರೆ ಅದಕ್ಕಿಂತ ಒಳ್ಳೆಯ ಪಥ್ಯ ಇನ್ನೊಂದಿಲ್ಲ.

ನೈಟ್ ಗಾರ್ಡ್ ಹಾಕಿಸಿಕೊಳ್ಳುವುದಾದರೆ

ನೈಟ್ ಗಾರ್ಡ್ ಎಂದರೆ ಮಲಗುವಾಗ ಹಲ್ಲಿನ ಸಾಲಿನ ಮೇಲೆ ಕೂರಿಸಿಕೊಳ್ಳುವ ಕವಚ. ಇದು ಕಡಿತವನ್ನು ನಿಲ್ಲಿಸುವುದಿಲ್ಲ. ಹಲ್ಲಿನ ಬದಲು ತಾನು ಸವೆಯುತ್ತದೆ, ಅಷ್ಟೇ ಅದರ ಕೆಲಸ. ದಂತವೈದ್ಯರು ನಿಮ್ಮ ಹಲ್ಲಿನ ಅಚ್ಚು ತೆಗೆದು ಲ್ಯಾಬಿಗೆ ಕಳುಹಿಸುತ್ತಾರೆ. ಗಟ್ಟಿ ಅಕ್ರಿಲಿಕ್‌ನಲ್ಲಿ ತಯಾರಾಗಿ ಬಂದದ್ದನ್ನು ಮುಂದಿನ ಭೇಟಿಯಲ್ಲಿ ಬಾಯಿಗೆ ಕೂರಿಸಿ, ಎಲ್ಲೆಲ್ಲಿ ತಾಗುತ್ತದೆಂದು ನೋಡಿ ಉಜ್ಜಿ ಸರಿಪಡಿಸುತ್ತಾರೆ. ಆನ್‌ಲೈನಿನಲ್ಲಿ ಸಿಗುವ, ಬಿಸಿನೀರಿಗೆ ಹಾಕಿ ಕಚ್ಚುವ ಮೆತ್ತನೆಯ ಗಾರ್ಡ್ ಅಗ್ಗವೇನೋ ಹೌದು, ಆದರೆ ಕೆಲವರು ಅದನ್ನೇ ರಾತ್ರಿಯಿಡೀ ಅಗಿಯತೊಡಗುತ್ತಾರೆ. ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ ಅಥವಾ ಕೆ.ಜಿ.ಎಫ್.ನ ದಂತ ವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಕಾಲೇಜಿನ ಆಸ್ಪತ್ರೆಗಳಲ್ಲಿ ಖರ್ಚು ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಕಡಿಮೆ. ಗಾರ್ಡನ್ನು ತಣ್ಣೀರು, ಮೆತ್ತನೆ ಬ್ರಷ್‌ನಿಂದ ತೊಳೆಯಿರಿ. ಬಿಸಿನೀರು ತಾಗಿದರೆ ಆಕಾರ ಕೆಡುತ್ತದೆ.

ಜೋರು ಗೊರಕೆ, ನಡುವೆ ಉಸಿರು ಕಟ್ಟಿದಂತಾಗಿ ಬೆಚ್ಚಿ ಏಳುವುದು, ಹಗಲೆಲ್ಲ ತೂಕಡಿಕೆ ಇದ್ದರೆ ಗಾರ್ಡ್‌ಗೆ ಮೊದಲು ನಿದ್ರೆಯ ಪರೀಕ್ಷೆ ಆಗಬೇಕು. ಅದು ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ಸ್ಲೀಪ್ ಆಪ್ನಿಯಾ ಇರಬಹುದು, ಮೇಲ್ದವಡೆಯ ಗಾರ್ಡ್‌ನಿಂದ ಅದು ಕೆಲವರಲ್ಲಿ ಉಲ್ಬಣಿಸುವುದೂ ಉಂಟು. ಕಡಿತ ನಿಲ್ಲಲೆಂದು ಆರೋಗ್ಯವಾಗಿರುವ ಹಲ್ಲುಗಳನ್ನು ಉಜ್ಜಿ ಮಟ್ಟ ಮಾಡಿಸೋಣ ಎಂದು ಯಾರಾದರೂ ಹೇಳಿದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ. ಉಜ್ಜಿದ ಹಲ್ಲು ಮರಳುವುದಿಲ್ಲ. ದವಡೆಯ ಸ್ನಾಯುವಿಗೆ ಕೊಡುವ ಬೊಟಾಕ್ಸ್ ಚುಚ್ಚುಮದ್ದು ಕಚ್ಚುವ ಬಲವನ್ನು ಕೆಲವು ತಿಂಗಳ ಮಟ್ಟಿಗೆ ತಗ್ಗಿಸುತ್ತದೆ. ಬೇರೆಲ್ಲ ಸೋತ ಮೇಲಿನ ಮಾತು ಅದು.

ಮಕ್ಕಳಾದರೆ

ಹೆಚ್ಚಿನ ಮಕ್ಕಳಿಗೆ ಚಿಕಿತ್ಸೆಯೇ ಬೇಡ. ಹದಿಹರೆಯದ ಹೊತ್ತಿಗೆ ತಾನಾಗಿ ನಿಲ್ಲುತ್ತದೆ. ಹುಳುವಿನ ಮಾತ್ರೆ ಆಲ್ಬೆಂಡಜೋಲನ್ನು ಫೆಬ್ರುವರಿ 10 ಮತ್ತು ಆಗಸ್ಟ್ 10ರ ಸುಮಾರಿಗೆ ಅಂಗನವಾಡಿ, ಶಾಲೆಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಅದನ್ನು ಹುಳುವಿಗಾಗಿ ಕೊಡಿಸಿ, ಹಲ್ಲಿಗಾಗಿ ಅಲ್ಲ. ಆದರೆ ಮಗು ಬಾಯಿ ತೆರೆದು ಮಲಗುತ್ತಿದ್ದರೆ, ಗೊರಕೆ ಹೊಡೆಯುತ್ತಿದ್ದರೆ, ಗಂಟಲಿನ ಟಾನ್ಸಿಲ್ ಅಥವಾ ಮೂಗಿನ ಹಿಂಭಾಗದ ಅಡಿನಾಯ್ಡ್ ಎಂಬ ಅಂಗಾಂಶ ಊದಿಕೊಂಡಿರಬಹುದು. ದಂತವೈದ್ಯರಿಗಿಂತ ಮೊದಲು ಕಿವಿ, ಮೂಗು, ಗಂಟಲು ತಜ್ಞರಿಗೆ ತೋರಿಸಿ.