ಸುಟ್ಟ ಸ್ಪೀಕರಿಗೆ ಹೊಸ ಕಾಯಿಲ್

ಜಾತ್ರೆ, ಮದುವೆ ಸೀಸನ್ ಮುಗಿದ ಮೇಲೆ ನನ್ನ ಹತ್ತಿರ ರಿಪೇರಿಗೆ ಬರುವ ಸ್ಪೀಕರುಗಳಿಗೆ ಹೆಚ್ಚಾಗಿ ಒಂದೇ ರೋಗ, ಕಾಯಿಲ್, ಅಂದರೆ ಒಳಗಿನ ತಂತಿ ಸುರುಳಿ, ಸುಟ್ಟಿರುತ್ತದೆ. ಮೊನ್ನೆ ಬಂದ 12 ಇಂಚಿನದ್ದೂ ಹಾಗೇ. 8 ಓಮ್ ಸ್ಪೀಕರಿಗೆ ಮಲ್ಟಿಮೀಟರ್ ಹಿಡಿದರೆ 6ರ ಆಸುಪಾಸು ತೋರಿಸಬೇಕು. ಇದರಲ್ಲಿ ಮೀಟರ್ ಅಲ್ಲಾಡಲೇ ಇಲ್ಲ. ಒಳಗೆ ತಂತಿ ಕಡಿದಿತ್ತು.

ಥಿನ್ನರ್ ಹಾಕಿ ಅಂಟು ಮೆದು ಮಾಡಿ ಕೋನ್, ಅಂದರೆ ಮುಂದೆ ಕಾಣುವ ಆಲಿಕೆಯಂಥ ಭಾಗ, ಬಿಚ್ಚಿದೆ. ಹಿಂದೆ ರಿಂಗ್ ಮ್ಯಾಗ್ನೆಟ್, ನಡುವೆ ಕಬ್ಬಿಣದ ಕಂಬ. ಕಂಬಕ್ಕೂ ಮೇಲಿನ ಪ್ಲೇಟಿಗೂ ಮಧ್ಯೆ ಒಂದು ಸಣ್ಣ ಸಂದು. ಮ್ಯಾಗ್ನೆಟ್ಟಿನ ಬಲವೆಲ್ಲ ಸೇರುವುದು ಅಲ್ಲೇ, ಕಾಯಿಲ್ ಓಡಾಡುವುದೂ ಅಲ್ಲೇ. ಕರೆಂಟ್ ಒಂದು ಕಡೆ ಹರಿದರೆ ಕಾಯಿಲ್ ಮುಂದಕ್ಕೆ, ತಿರುಗಿ ಹರಿದರೆ ಹಿಂದಕ್ಕೆ. 100 ಹರ್ಟ್ಸ್ ಸದ್ದಿಗೆ ಸೆಕೆಂಡಿಗೆ 100 ಸಲ ಹೋಗಿ ಬರಬೇಕು. ಅದಕ್ಕೆ ಅಂಟಿದ ಕೋನ್ ಗಾಳಿ ತಳ್ಳುತ್ತದೆ, ನಮಗೆ ಕೇಳುತ್ತದೆ. 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ತೋರಿಸಿಕೊಟ್ಟ ಕ್ರಮವೇ ಇವತ್ತಿಗೂ ನಡೆದಿದೆ.

ಈ ಕೆಲಸದಲ್ಲಿ ನಿಜವಾದ ಕಷ್ಟ ಕಾಯಿಲನ್ನು ಸಂದಿನ ನಟ್ಟನಡುವೆ ಕೂರಿಸುವುದು. ಮೊದಲು ಸಂದಿನೊಳಗಿನ ಕಬ್ಬಿಣದ ಪುಡಿ ತೆಗೆಯಬೇಕು. ಮ್ಯಾಗ್ನೆಟ್ ಬಿಡುವುದಿಲ್ಲ, ಊದಿದರೆ ಹೋಗುವುದೂ ಇಲ್ಲ. ರಟ್ಟಿನ ತುಂಡಿಗೆ ಅಂಟು ಟೇಪ್ ಸುತ್ತಿ ಒಳಗೆ ಆಡಿಸುತ್ತೇನೆ. ಆಮೇಲೆ ಹಳೇ ಎಕ್ಸ್‌ರೇ ಫಿಲಂ ಕತ್ತರಿಸಿ ಕಂಬದ ಸುತ್ತ ಸುತ್ತಿ, ಅದರ ಮೇಲೆ ಕಾಯಿಲ್ ಇಳಿಸಿ, ಸ್ಪೈಡರ್ (ಕಾಯಿಲನ್ನು ನಡುವೆ ಹಿಡಿದಿಡುವ ಬಟ್ಟೆಯ ಬಳೆ), ಕೋನ್ ಎಲ್ಲ ಅಂಟಿಸಿ, ತಂತಿಗೆ ಬೆಸುಗೆ ಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಫಿಲಂ ಎಳೆದು, ಎರಡೂ ಕೈ ಬೆರಳಿಂದ ಕೋನನ್ನು ಮೆಲ್ಲಗೆ ಒತ್ತಿ ಕಿವಿ ಕೊಟ್ಟೆ. ಚೂರು ಗರಗರ ಅಂದರೂ ಮತ್ತೆ ಬಿಚ್ಚಬೇಕು. ಇದು ಅನ್ನಲಿಲ್ಲ.

ಇನ್ನು 1.5 ವೋಲ್ಟ್ ಶೆಲ್ಲು. ಪ್ಲಸ್‌ಗೆ ಪ್ಲಸ್ ತಾಗಿಸಿದರೆ ಕೋನ್ ಹೊರಗೆ ಜಿಗಿಯಬೇಕು. ಒಳಗೆ ಹೋದರೆ ತಂತಿ ಅದಲುಬದಲಾಗಿದೆ ಅಂತ. ಅಂಥದ್ದನ್ನು ಇನ್ನೊಂದು ಸ್ಪೀಕರ್ ಪಕ್ಕ ಇಟ್ಟರೆ ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಬೇಸ್ ಎಲ್ಲ ಮಾಯ! ಜನ ಸುಮ್ನೆ ಸ್ಪೀಕರನ್ನು ಬೈಯುತ್ತಾರೆ.

"ಇನ್ನೂ ಜಾಸ್ತಿ ವ್ಯಾಟಿನ ಕಾಯಿಲ್ ಹಾಕಬೇಕಿತ್ತು ಅಣ್ಣಾ" ಅಂದ ಸ್ಪೀಕರಿನ ಹುಡುಗ. 100 ವ್ಯಾಟ್ ಕೊಟ್ಟರೆ ಸದ್ದಾಗುವುದು ಕೆಲವೇ ವ್ಯಾಟ್, ಮಿಕ್ಕಿದ್ದೆಲ್ಲ ಕಾಯಿಲಿನಲ್ಲೇ ಬಿಸಿ ಅಂತ ಹೇಳಿದೆ. ಹೆಚ್ಚುಕಡಿಮೆ ಹೀಟರೇ ಅದು, ಅಲ್ವಾ? ಆಂಪ್ಲಿಫೈಯರಿನಲ್ಲಿ ಸದ್ದು ಮಿತಿ ಮೀರಿದೆ ಅಂತ ತೋರಿಸುವ ಕೆಂಪು ದೀಪ ಹತ್ತಿಕೊಂಡೇ ಇದ್ದರೆ ವಾಲ್ಯೂಮ್ ಇಳಿಸು ಅಂದೆ.

"ಕುಣಿಯೋರು ಬಿಡಬೇಕಲ್ಲ ಅಣ್ಣಾ" ಅಂದ.