ಕಾಳುಮೆಣಸು ದುಬೈಗೆ ಹೊರಡುವ ಮೊದಲು: ಯಾವ ಕಾಗದ ಮೊದಲು, ಯಾವುದು ಆಮೇಲೆ?

ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದ ಕಾಲದಿಂದಲೂ ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾಳುಮೆಣಸು ಸಮುದ್ರ ದಾಟುತ್ತಲೇ ಇದೆ. ಆದರೆ ಅದರಲ್ಲಿ ಬಹಳಷ್ಟು ದಾಟಿದ್ದು ಬೇರೆ ಊರಿನ ವ್ಯಾಪಾರಿಗಳ ಚೀಲದಲ್ಲಿ, ಅವರದೇ ಹೆಸರಿನಲ್ಲಿ. ಈಗ ಶಿರಸಿ, ಸಿದ್ದಾಪುರ, ಯಲ್ಲಾಪುರದ ಸಣ್ಣ ಉದ್ದಿಮೆಗಳು ಸ್ವಂತ ಲೇಬಲ್ ಅಂಟಿಸಿ ಹೊರದೇಶಕ್ಕೆ ಕಳಿಸಲು ಮುಂದಾಗಿವೆ. ಭಟ್ಕಳದ ಎಷ್ಟೋ ಮನೆಗಳಿಗೆ ದುಬೈ ಪಕ್ಕದೂರಿನಂತೆ ಇರುವುದರಿಂದ ಮೊದಲ ಗಿರಾಕಿ ಪರಿಚಯದವರ ಮೂಲಕವೇ ಸಿಕ್ಕಿಬಿಡುತ್ತಾರೆ.

ಇವರಲ್ಲಿ ಹೆಚ್ಚಿನವರು ಸಲಹೆ ಕೇಳುವುದು ಲೈಸೆನ್ಸಿನ ಬಗ್ಗೆ. ಲೈಸೆನ್ಸು ಕಷ್ಟದ ಕೆಲಸವಲ್ಲ. ಪೆಟ್ಟು ಬೀಳುವುದು ಬೇರೆ ಎರಡು ಕಡೆ: ಬ್ರ್ಯಾಂಡು ಆ ದೇಶದಲ್ಲಿ ಯಾರ ಹೆಸರಿಗೆ ನೋಂದಣಿಯಾಯಿತು ಎಂಬಲ್ಲಿ ಮತ್ತು ವಿತರಕನ ಜೊತೆ ಮಾಡಿಕೊಂಡ ಕರಾರಿನಲ್ಲಿ. ಆದ್ದರಿಂದ ಈ ಬರಹದಲ್ಲಿ ಆ ಎರಡಕ್ಕೇ ಜಾಗ ಹೆಚ್ಚು.

ಉದಾಹರಣೆಗೆ ಶಿರಸಿಯಲ್ಲಿ ಅಣ್ಣ-ತಂಗಿ ನಡೆಸುವ ಒಂದು ಪಾಲುದಾರಿಕೆ ಸಂಸ್ಥೆ ಇದೆ ಎಂದಿಟ್ಟುಕೊಳ್ಳೋಣ. ಮಾಲು ಕಾಳುಮೆಣಸು, ಅಪ್ಪೆಮಿಡಿ ಉಪ್ಪಿನಕಾಯಿ, ಮುರುಗಲು ಸಿರಪ್. ಹೊರಟಿರುವುದು ಯುಎಇಗೆ.

ಮೊದಲು ಮನೆಯ ಕಾಗದ

ಪಾಲುದಾರಿಕೆ ಪತ್ರ ಬರೆಸಿ ನೋಂದಣಿ ಮಾಡಿಸದೇ ಬಿಟ್ಟ ಸಂಸ್ಥೆಗಳು ನಮ್ಮಲ್ಲಿ ಸಾಕಷ್ಟಿವೆ. 1932ರ ಪಾಲುದಾರಿಕೆ ಕಾಯ್ದೆಯ 69ನೇ ಕಲಂ ಪ್ರಕಾರ, ನೋಂದಣಿ ಇಲ್ಲದ ಸಂಸ್ಥೆ ಕರಾರಿನ ಹಕ್ಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ. ಹೊರದೇಶದಲ್ಲಿ ಮುಂದೆ ಬಂಡವಾಳ ಹಾಕುವುದಿದ್ದರೂ ನಮ್ಮ ನಿಯಮ ಒಪ್ಪುವುದು ನೋಂದಾಯಿತ ಪಾಲುದಾರಿಕೆ, ಎಲ್‌ಎಲ್‌ಪಿ (ಪಾಲುದಾರರ ಹೊಣೆ ಸೀಮಿತವಾಗಿರುವ ಪಾಲುದಾರಿಕೆ) ಅಥವಾ ಕಂಪನಿಯನ್ನು. ನನ್ನ ಅಭಿಪ್ರಾಯ ಕೇಳಿದರೆ, ರಫ್ತಿಗೆ ಇಳಿಯುವ ಮೊದಲೇ ಎಲ್‌ಎಲ್‌ಪಿಗೋ ಪ್ರೈವೇಟ್ ಲಿಮಿಟೆಡ್‌ಗೋ ಬದಲಾಗುವುದು ಒಳ್ಳೆಯದು. ಹೊರದೇಶದ ಒಂದು ತಕರಾರು ಮನೆ-ತೋಟದ ತನಕ ಬರಬಾರದು.

ಉಳಿದದ್ದು ಬೇಗ ಮುಗಿಯುತ್ತದೆ. ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ (ಡಿಜಿಎಫ್‌ಟಿ) ಆಮದು-ರಫ್ತು ಸಂಕೇತ, ಅಂದರೆ ಐಇಸಿ. ಅದು ಈಗ ಪ್ಯಾನ್ ಸಂಖ್ಯೆಯೇ, ಶುಲ್ಕ 500 ರೂಪಾಯಿ. ಬ್ಯಾಂಕಿನ ಎಡಿ ಕೋಡ್ (ವಿದೇಶಿ ವಿನಿಮಯ ನಡೆಸುವ ಶಾಖೆಯ ಸಂಖ್ಯೆ) ಕಸ್ಟಮ್ಸ್‌ನಲ್ಲಿ ದಾಖಲಾಗಬೇಕು. ಕಾಳುಮೆಣಸಿಗೆ ಸಾಂಬಾರ ಮಂಡಳಿಯ ರಫ್ತುದಾರ ನೋಂದಣಿ ಕಡ್ಡಾಯ; ಉಪ್ಪಿನಕಾಯಿ ಅಪೆಡಾ (ಕೃಷಿ ಉತ್ಪನ್ನ ರಫ್ತು ಪ್ರಾಧಿಕಾರ) ಪಟ್ಟಿಗೆ ಸೇರುತ್ತದೆ. ಜಿಎಸ್‌ಟಿಯಲ್ಲಿ ರಫ್ತಿಗೆ ಶೂನ್ಯ ದರ ಇದೆ. ಮೊದಲು ತೆರಿಗೆ ಕಟ್ಟಿ ಆಮೇಲೆ ಮರುಪಾವತಿಗೆ ಓಡಾಡುವುದು ತಪ್ಪಬೇಕಾದರೆ ಆರ್ಥಿಕ ವರ್ಷದ ಆರಂಭದಲ್ಲೇ ಎಲ್‌ಯುಟಿ, ಅಂದರೆ ತೆರಿಗೆ ಕಟ್ಟದೆ ರಫ್ತು ಮಾಡುವ ಮುಚ್ಚಳಿಕೆ ಪತ್ರ, ಸಲ್ಲಿಸಿ.

ಸರಕಿಗಿಂತ ಮುಂಚೆ ಹೆಸರು ಹೋಗಲಿ

ಭಾರತದಲ್ಲಿ ಟ್ರೇಡ್‌ಮಾರ್ಕ್ ಇದ್ದರೆ ಅದು ಭಾರತಕ್ಕೆ ಮಾತ್ರ. ದುಬೈನಲ್ಲಿ ಅದೇ ಹೆಸರನ್ನು ಬೇರೊಬ್ಬರು ನೋಂದಣಿ ಮಾಡಿಸಿದರೆ, ನಿಮ್ಮ ಡಬ್ಬಿ ಅಲ್ಲಿ ಅವರ ಹಕ್ಕು ಮುರಿದ ಮಾಲಾಗುತ್ತದೆ. ಹೀಗೆ ಮಾಡುವವರು ಅಪರಿಚಿತ ಕಳ್ಳರೇ ಆಗಿರಬೇಕೆಂದಿಲ್ಲ. ಎಷ್ಟೋ ಸಲ ವಿತರಕರೇ ‘ನಿಮಗೆ ತೊಂದರೆ ಬೇಡ, ನಾವೇ ಮಾಡಿಸುತ್ತೇವೆ’ ಎಂದು ತಮ್ಮ ಹೆಸರಿಗೆ ಮಾಡಿಸಿಕೊಳ್ಳುತ್ತಾರೆ. ಕರಾರು ಮುರಿದ ದಿನ ಬ್ರ್ಯಾಂಡು ಅವರ ಬಳಿಯೇ ಉಳಿಯುತ್ತದೆ.

ಇದಕ್ಕೆ ದಾರಿ ಸುಲಭ. ಒಂದೇ ಅರ್ಜಿಯಿಂದ ಹಲವು ದೇಶಗಳಲ್ಲಿ ಟ್ರೇಡ್‌ಮಾರ್ಕ್ ಕೇಳುವ ಮ್ಯಾಡ್ರಿಡ್ ಪದ್ಧತಿಗೆ ಭಾರತ 2013ರಲ್ಲಿ ಸೇರಿತು, ಯುಎಇ 2021ರ ಕೊನೆಯಲ್ಲಿ. ಭಾರತದ ಅರ್ಜಿಯನ್ನೇ ಆಧಾರವಾಗಿಟ್ಟುಕೊಂಡು ಇಲ್ಲಿಂದಲೇ ಅಲ್ಲಿಗೆ ಅರ್ಜಿ ಹಾಕಬಹುದು. ಇಲ್ಲಿ ಅರ್ಜಿ ಹಾಕಿದ 6 ತಿಂಗಳೊಳಗೆ ಅಲ್ಲಿಯೂ ಹಾಕಿದರೆ ಇಲ್ಲಿನ ದಿನಾಂಕವೇ ಅಲ್ಲಿಗೂ ಲೆಕ್ಕಕ್ಕೆ ಬರುತ್ತದೆ. ಆದರೆ ಒಂದು ಎಚ್ಚರ: ಅಂತರರಾಷ್ಟ್ರೀಯ ನೋಂದಣಿಯ ಮೊದಲ 5 ವರ್ಷ ಭಾರತದ ಮೂಲ ನೋಂದಣಿ ಬಿದ್ದುಹೋದರೆ ಹೊರಗಿನದೂ ಬೀಳುತ್ತದೆ. ಆದ್ದರಿಂದ ಇಲ್ಲಿನ ಅರ್ಜಿಗೆ ಬಂದ ಆಕ್ಷೇಪಕ್ಕೆ ಉತ್ತರ ಕೊಡದೇ ಕೂರಬಾರದು.

ಟ್ರೇಡ್‌ಮಾರ್ಕ್ ಅರ್ಜಿಯಲ್ಲಿ ಸರಕಿನ ವರ್ಗವನ್ನೂ ನೋಡಿಕೊಳ್ಳಿ. ಕಾಳುಮೆಣಸು 30ನೇ ವರ್ಗ, ಉಪ್ಪಿನಕಾಯಿ 29, ಮುರುಗಲು ಸಿರಪ್ 32. ಮೆಣಸಿಗೆ ಮಾತ್ರ ಅರ್ಜಿ ಹಾಕಿ ಸಿರಪ್ಪನ್ನೂ ಅದೇ ಹೆಸರಿನಲ್ಲಿ ಮಾರಿದರೆ ಸಿರಪ್ಪಿನ ಬಾಗಿಲು ತೆರೆದೇ ಇರುತ್ತದೆ. ಇನ್ನು ಬರೀ ಊರಿನ ಹೆಸರನ್ನು ಬ್ರ್ಯಾಂಡು ಮಾಡಿಕೊಳ್ಳುವುದಕ್ಕೆ ರಕ್ಷಣೆ ಸಿಗುವುದು ಕಷ್ಟ. ‘ಶಿರಸಿ ಸುಪಾರಿ’ಗೆ 2019ರಲ್ಲಿ ಸಿಕ್ಕ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಇಲ್ಲಿನ ಕಾಯ್ದೆಯದು, ಹೊರದೇಶದಲ್ಲಿ ಅದು ತಾನಾಗಿಯೇ ನಡೆಯುವುದಿಲ್ಲ.

ಈ ಮಾಲು ಅಲ್ಲಿ ಇಳಿಯುತ್ತದೆಯೇ?

ಯುಎಇಯಲ್ಲಿ ಆಹಾರ ಪದಾರ್ಥದ ಲೇಬಲ್ ಅರಬ್ಬಿಯಲ್ಲಿ ಇರಲೇಬೇಕು. ದುಬೈ ಪುರಸಭೆಯಲ್ಲಿ ಪ್ರತಿ ಉತ್ಪನ್ನದ ನೋಂದಣಿ ಆಗಬೇಕು, ಅದನ್ನು ಸಾಮಾನ್ಯವಾಗಿ ಮಾಡಿಸುವವರು ಆಮದುದಾರರು. ಇದನ್ನು ನೆನಪಿಟ್ಟುಕೊಳ್ಳಿ, ಕರಾರು ಬರೆಯುವಾಗ ಬೇಕಾಗುತ್ತದೆ. ಮುಂದೆ ಯುರೋಪಿಗೆ ಹೊರಟರೆ ಮಸಾಲೆಯಲ್ಲಿ ಎಥಿಲೀನ್ ಆಕ್ಸೈಡ್ (ಸೂಕ್ಷ್ಮಾಣು ಕೊಲ್ಲಲು ಬಳಸುವ ಅನಿಲ) ಉಳಿಕೆಯ ಮೇಲೆ ಬಿಗಿ ತಪಾಸಣೆ ಇದೆ. ಅಮೆರಿಕಕ್ಕಾದರೆ ಅಲ್ಲಿನ ಆಹಾರ-ಔಷಧ ಇಲಾಖೆ ಎಫ್‌ಡಿಎಯಲ್ಲಿ ನಿಮ್ಮ ಘಟಕದ ನೋಂದಣಿ ಬೇಕು, ಅಲ್ಲೇ ನೆಲೆಸಿರುವ ಒಬ್ಬ ಏಜೆಂಟನನ್ನೂ ನೇಮಿಸಬೇಕು. ಅಡಿಕೆಯ ಬಗ್ಗೆ ನೇರವಾಗಿ ಹೇಳಬೇಕು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ನಮ್ಮ ಬೆಳೆಗಾರರಿಗೆ ಇದು ನೋವಿನ ವಿಷಯವೇ. ಆದರೂ ಆ ದೇಶದ ನಿಯಮವನ್ನು ಲಿಖಿತವಾಗಿ ತಿಳಿದುಕೊಳ್ಳದೆ ಅಡಿಕೆ ಸೇರಿದ ಯಾವ ಮಾಲನ್ನೂ ಕಂಟೇನರಿಗೆ ಹಾಕಬೇಡಿ.

ವಿತರಕನ ಕರಾರು: ನಿಧಾನ ಓದಬೇಕಾದ ಕಾಗದ

ಶಿರಸಿಯ ವಖಾರಿಗಳಲ್ಲಿ ಬಾಯಿಮಾತಿನ ಮೇಲೆ ಲಕ್ಷಗಟ್ಟಲೆ ವ್ಯವಹಾರ ನಡೆಯುತ್ತದೆ. ಅದು ನಡೆಯುವುದು ಇಬ್ಬರೂ ಅದೇ ಪೇಟೆಯಲ್ಲಿ ನಾಳೆಯೂ ಮುಖ ನೋಡಬೇಕಾದ್ದರಿಂದ. ಅಷ್ಟು ದೂರದಲ್ಲಿ ಆ ಕಟ್ಟು ಇಲ್ಲ. ಅಲ್ಲಿ ಕಾಗದವೇ ಮಾತು.

ಕರಡು ವಾಟ್ಸಾಪಿನಲ್ಲಿ ಬಂದಾಗ ಬೆಲೆಯ ಪುಟಕ್ಕೆ ಹಾರಬೇಡಿ. ‘ಪ್ರದೇಶ’ ಎಂಬ ಕಲಂ ಹುಡುಕಿ. ದುಬೈಗೆ ಮಾರುವವರು ಅಲ್ಲಿ ‘ಜಿಸಿಸಿ ದೇಶಗಳು’ ಎಂದು ಬರೆದಿದ್ದರೆ ಸೌದಿ, ಕುವೈತ್, ಕತಾರ್, ಬಹರೇನ್, ಒಮಾನ್ ಅಷ್ಟೂ ಮಾರುಕಟ್ಟೆ ಒಬ್ಬರ ಕೈಗೆ ಹೋದಂತೆ. ಅದರ ಪಕ್ಕದಲ್ಲೇ ‘ಏಕೈಕ’ ಎಂಬ ಮಾತು ಇದೆಯೇ ನೋಡಿ. ಏಕೈಕ ವಿತರಣೆ ಕೊಡಲೇಬೇಕಾದರೆ ವರ್ಷಕ್ಕೆ ಇಷ್ಟು ಕಿಲೋ ಖರೀದಿ ಎಂದು ಬರೆಸಿ, ಅಷ್ಟು ಆಗದಿದ್ದರೆ ಏಕೈಕ ಹಕ್ಕು ತಾನಾಗಿ ರದ್ದು ಎಂದೂ ಸೇರಿಸಿ.

ಯುಎಇಯಲ್ಲಿ ಇದು ಇನ್ನೂ ಗಂಭೀರ. ಅಲ್ಲಿ ‘ವಾಣಿಜ್ಯ ಏಜೆನ್ಸಿ’ ಎಂದು ಸರ್ಕಾರದಲ್ಲಿ ನೋಂದಣಿಯಾದ ಏಜೆಂಟರಿಗೆ ವಿಶೇಷ ರಕ್ಷಣೆ ಇದೆ. ಅದೇ ಮಾಲನ್ನು ಬೇರೆಯವರು ತಂದರೆ ಕಸ್ಟಮ್ಸ್‌ನಲ್ಲಿ ತಡೆಸುವ ಮಟ್ಟಿಗೂ. 1981ರ ಹಳೆಯ ಕಾಯ್ದೆಯಡಿ ಅಂಥ ಏಜೆಂಟರನ್ನು ಬಿಡಿಸುವುದೇ ದುಸ್ತರವಾಗಿತ್ತು. 2023ರ ಜೂನ್‌ನಲ್ಲಿ ಜಾರಿಗೆ ಬಂದ ಹೊಸ ಕಾಯ್ದೆ, ಅವಧಿ ಮುಗಿದಾಗ ಮುಂಚಿತ ನೋಟಿಸ್ ಕೊಟ್ಟು ಹೊರಬರಲು ದಾರಿ ಮಾಡಿದೆ. ಆದರೂ ಮೊದಲ ಕರಾರು ಒಂದೆರಡು ವರ್ಷಕ್ಕೇ ಇರಲಿ. ಟ್ರೇಡ್‌ಮಾರ್ಕ್ ನಮ್ಮದು, ಕರಾರು ಮುಗಿದ ದಿನ ಉತ್ಪನ್ನ ನೋಂದಣಿಯನ್ನು ನಾವು ಹೇಳಿದವರಿಗೆ ವರ್ಗಾಯಿಸಬೇಕು, ಉಳಿದ ದಾಸ್ತಾನನ್ನು ಹೀಗೆ ಮುಗಿಸಬೇಕು ಎಂಬುದನ್ನು ಸಹಿಗೆ ಮೊದಲೇ ಬರೆಸಿ.

ಜಗಳ ಬಂದರೆ ಎಲ್ಲಿ? ‘ದುಬೈ ನ್ಯಾಯಾಲಯ’ ಎಂದಿದ್ದರೆ ಕಲಾಪ ಅರಬ್ಬಿಯಲ್ಲಿ ನಡೆಯುತ್ತದೆ. 2020ರ ಜನವರಿಯಿಂದ ಯುಎಇ ನ್ಯಾಯಾಲಯಗಳ ಹಣದ ಡಿಕ್ರಿಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಂ ಅಡಿ ಇಲ್ಲಿನ ಜಿಲ್ಲಾ ನ್ಯಾಯಾಲಯದಲ್ಲೇ ಜಾರಿ ಮಾಡಿಸಬಹುದು. ಅಂದರೆ ಅಲ್ಲಿಂದ ಬಂದ ಸಮನ್ಸನ್ನು ‘ದೂರದ್ದು’ ಎಂದು ಮೇಜಿನ ಡ್ರಾಯರಿಗೆ ಹಾಕಿಟ್ಟರೆ, ಕಾರವಾರದ ನ್ಯಾಯಾಲಯದಿಂದ ನೋಟಿಸ್ ಬರಬಹುದು. ನಾನಾದರೆ ಮಧ್ಯಸ್ಥಿಕೆಯ (ಆರ್ಬಿಟ್ರೇಶನ್, ಅಂದರೆ ನ್ಯಾಯಾಲಯದ ಬದಲು ಇಬ್ಬರೂ ಒಪ್ಪಿದವರಿಂದ ತೀರ್ಪು) ಕಲಂ ಹಾಕಿಸುತ್ತೇನೆ. ಮಧ್ಯಸ್ಥಿಕೆ ತೀರ್ಪನ್ನು ಬೇರೆ ದೇಶದಲ್ಲಿ ಜಾರಿ ಮಾಡಿಸುವ 1958ರ ನ್ಯೂಯಾರ್ಕ್ ಒಪ್ಪಂದಕ್ಕೆ ಭಾರತ 1960ರಲ್ಲಿ, ಯುಎಇ 2006ರಲ್ಲಿ ಸೇರಿವೆ. ಮಧ್ಯಸ್ಥಿಕೆಯ ಸ್ಥಳ ಸಿಂಗಾಪುರ ಎಂದು ಬರೆದರೆ ಅದು ಇಬ್ಬರಿಗೂ ಹೊರಗಿನ ಜಾಗ, ಆದರೆ ಖರ್ಚು ಜಾಸ್ತಿ. ಸಣ್ಣ ವಹಿವಾಟಿಗೆ ಒಬ್ಬರೇ ಮಧ್ಯಸ್ಥಗಾರ, ಭಾಷೆ ಇಂಗ್ಲಿಷ್ ಎಂದು ಸ್ಪಷ್ಟಪಡಿಸಿ. ಹಳೆಯ ಮಾದರಿ ಕರಾರುಗಳಲ್ಲಿ ‘ಡಿಐಎಫ್‌ಸಿ-ಎಲ್‌ಸಿಐಎ’ ಎಂಬ ದುಬೈನ ಮಧ್ಯಸ್ಥಿಕೆ ಕೇಂದ್ರದ ಹೆಸರು ಇನ್ನೂ ಉಳಿದಿರುತ್ತದೆ. ಅದನ್ನು 2021ರಲ್ಲೇ ರದ್ದುಪಡಿಸಲಾಗಿದೆ, ಕಂಡರೆ ಹೊಡೆದುಹಾಕಿ.

ದುಡ್ಡಿನ ಕಲಂ

ಬೆಲೆ ಎಫ್‌ಒಬಿ (ಹಡಗಿಗೆ ಏರಿಸುವ ತನಕದ್ದು) ಇರಲಿ, ಸಿಐಎಫ್ (ಸಾಗಣೆ, ವಿಮೆ ಸೇರಿದ್ದು) ಇರಲಿ, ಮಾಲು ಹಡಗಿಗೆ ಏರಿದ ಕೂಡಲೇ ನಷ್ಟದ ಹೊಣೆ ಕೊಂಡವರದು. ಸಿಐಎಫ್‌ನಲ್ಲಿ ಸಾಗಣೆ ಮತ್ತು ವಿಮೆಯ ಖರ್ಚು ಮಾತ್ರ ನಮ್ಮದು. ಇದನ್ನು ಅನೇಕರು ತಪ್ಪು ತಿಳಿದಿದ್ದಾರೆ. ಹೊಸ ಗಿರಾಕಿಯಾದರೆ ಮುಂಗಡ ಅಥವಾ ಲೆಟರ್ ಆಫ್ ಕ್ರೆಡಿಟ್ (ಗಿರಾಕಿಯ ಬ್ಯಾಂಕಿನ ಪಾವತಿ ಭರವಸೆ) ಕೇಳಿ. ಸಾಲದ ಮೇಲೆ ಕೊಡುವುದಾದರೆ ಗಿರಾಕಿ ಹಣ ಕೊಡದಿದ್ದರೆ ನೆರವಾಗುವ ಸರ್ಕಾರಿ ಸಂಸ್ಥೆ ಇಸಿಜಿಸಿಯ ವಿಮೆ ಮಾಡಿಸಿ. ಹಣ ಭಾರತಕ್ಕೆ ಬರಲೇಬೇಕಾದ ಗಡುವು ಬಹುಕಾಲ 9 ತಿಂಗಳಿತ್ತು, 2025ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಅದನ್ನು 15 ತಿಂಗಳಿಗೆ ವಿಸ್ತರಿಸಿತು. ಗಡುವು ಉದ್ದವಾಯಿತೆಂದು ಗಿರಾಕಿಗೆ ಅಷ್ಟು ದಿನ ಸಾಲ ಕೊಡಬೇಕಾಗಿಲ್ಲ.

2022ರ ಮೇ 1ರಿಂದ ಜಾರಿಯಲ್ಲಿರುವ ಭಾರತ-ಯುಎಇ ವ್ಯಾಪಾರ ಒಪ್ಪಂದದ ಸುಂಕ ರಿಯಾಯಿತಿ ಬೇಕಿದ್ದರೆ ಪ್ರತಿ ಸಾಗಣೆಗೂ ಮಾಲು ಭಾರತದ್ದೇ ಎಂಬ ಮೂಲ ಪ್ರಮಾಣಪತ್ರ ಬೇಕು.

ಅಲ್ಲೇ ಕಂಪನಿ ತೆರೆಯುವುದಾದರೆ

ಇದಕ್ಕೆ ಅವಸರ ಬೇಡ. ಕೆಲವು ಸಾಗಣೆ ಆದ ಮೇಲೆ ಯೋಚಿಸಿ. ಕರಾವಳಿಯಲ್ಲಿ ಇಂದಿಗೂ ‘ಅಲ್ಲಿ ಸ್ಪಾನ್ಸರ್ (ಆ ದೇಶದ ಪಾಲುದಾರ) ಇಲ್ಲದೆ ಆಗುವುದಿಲ್ಲ, ಶೇ 51 ಪಾಲು ಅವರಿಗೇ’ ಎನ್ನುವ ಮಾತಿದೆ. ಆದರೆ 2021ರ ಜೂನ್‌ನಿಂದ ಹೆಚ್ಚಿನ ವ್ಯಾಪಾರಗಳಲ್ಲಿ ವಿದೇಶಿಯರು ಪೂರ್ತಿ ಒಡೆತನ ಹೊಂದಬಹುದು. ಫ್ರೀ ಝೋನ್ (ವಿಶೇಷ ವ್ಯಾಪಾರ ವಲಯ) ಕಂಪನಿ ಅಗ್ಗವಾಗಿ ಕಂಡರೂ, ಸಾಮಾನ್ಯವಾಗಿ ಒಳನಾಡಿನ ಅಂಗಡಿಗಳಿಗೆ ನೇರ ಮಾರುವ ಹಕ್ಕು ಅದಕ್ಕಿರುವುದಿಲ್ಲ. 3,75,000 ದಿರ್ಹಂ ದಾಟಿದ ಲಾಭಕ್ಕೆ ಶೇ 9 ಕಂಪನಿ ತೆರಿಗೆಯೂ ಈಗ ಇದೆ.

ಇಲ್ಲಿಂದ ಬಂಡವಾಳ ಕಳಿಸುವುದು 2022ರ ಸಾಗರೋತ್ತರ ಹೂಡಿಕೆ ನಿಯಮದಡಿ. ಸಂಸ್ಥೆಯ ನಿವ್ವಳ ಮೌಲ್ಯದ ಶೇ 400ರ ತನಕ ಬ್ಯಾಂಕಿನ ಮೂಲಕವೇ ಆಗುತ್ತದೆ. ಆದರೆ ಹೂಡಿಕೆಯ ವಿವರದ ಫಾರ್ಮ್ ಎಫ್‌ಸಿಯನ್ನು ಬ್ಯಾಂಕಿಗೆ ಕೊಟ್ಟು ವಿಶಿಷ್ಟ ಗುರುತು ಸಂಖ್ಯೆ ಪಡೆದ ಮೇಲೆಯೇ ಮೊದಲ ಹಣ ಹೋಗಬೇಕು. ದುಬೈನಲ್ಲಿರುವ ಭಾವ ತಮ್ಮ ಜೇಬಿನಿಂದ ಕಟ್ಟಿ ಕಂಪನಿ ತೆರೆದು, ‘ಆಮೇಲೆ ಲೆಕ್ಕ ಮಾಡೋಣ’ ಎಂದರೆ ಒಪ್ಪಬೇಡಿ. ಅದು ಫೆಮಾ (ವಿದೇಶಿ ವಿನಿಮಯ ಕಾಯ್ದೆ) ಉಲ್ಲಂಘನೆಯಾಗಿ ನಿಲ್ಲಬಹುದು.

ಗೋಡೆಗೆ ಅಂಟಿಸಬೇಕಾದ ತಾರೀಖುಗಳು

ಐಇಸಿ ವಿವರವನ್ನು ಪ್ರತಿವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಖಚಿತಪಡಿಸಬೇಕು, ಬದಲಾವಣೆ ಏನೂ ಇಲ್ಲದಿದ್ದರೂ. ಇಲ್ಲವಾದರೆ ಅದು ನಿಷ್ಕ್ರಿಯವಾಗುತ್ತದೆ. ಎಲ್‌ಯುಟಿ ಪ್ರತಿ ಆರ್ಥಿಕ ವರ್ಷಕ್ಕೆ ಹೊಸದು. ಅಲ್ಲಿ ಕಂಪನಿ ಇದ್ದರೆ ಎಫ್‌ಎಲ್‌ಎ (ವಿದೇಶಿ ಆಸ್ತಿ-ಹೊಣೆಗಳ) ವಿವರಣೆ ಜುಲೈ 15ಕ್ಕೆ, ವಾರ್ಷಿಕ ಕಾರ್ಯಕ್ಷಮತಾ ವರದಿ ಡಿಸೆಂಬರ್ 31ಕ್ಕೆ. ಹೂಡಿಕೆಯ ವರದಿ ತಡವಾದರೆ ಶುಲ್ಕ ಕಟ್ಟಿ ಸರಿಪಡಿಸಬಹುದು, ಆದರೆ ಸರಿಪಡಿಸುವ ತನಕ ಆ ಕಂಪನಿಗೆ ಇಲ್ಲಿಂದ ಮುಂದಿನ ಕಂತು ಕಳಿಸುವಂತಿಲ್ಲ.