ಲೀಗಲ್ ಏಡ್ ಸೆಲ್‌ನ ಬೋರ್ಡ್‌ಗೆ ನಾನು ಸೇರಿದ್ದು ಹೀಗೆ

ಪುಣೆಯ ಲಾ ಕಾಲೇಜಿನಲ್ಲಿ ಐದು ವರ್ಷದ ಕೋರ್ಸ್ ಓದಿದವಳು ನಾನು. ಮೂರನೇ ವರ್ಷ ಮುಗಿಯುವಾಗ ಕಾಲೇಜಿನ ಲೀಗಲ್ ಏಡ್ ಸೆಲ್‌ನ (ಜನರಿಗೆ ಉಚಿತವಾಗಿ ಕಾನೂನು ನೆರವು ಕೊಡುವ ಕೇಂದ್ರ) ಸ್ಟೂಡೆಂಟ್ ಬೋರ್ಡ್‌ಗೆ, ಅಂದರೆ ಅದನ್ನು ನಡೆಸುವ ವಿದ್ಯಾರ್ಥಿಗಳ ತಂಡಕ್ಕೆ, ಅರ್ಜಿ ಹಾಕಿ ಆಯ್ಕೆಯಾದೆ. ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ಇಲ್ಲಿಗೆ ಓದೋಕೆ ಬರುವ ನಮ್ಮ ಹುಡುಗ ಹುಡುಗಿಯರು, ‘ಬೋರ್ಡ್ ಏನಿದ್ದರೂ ಇಂಗ್ಲಿಷು, ಮರಾಠಿ ಪಟಪಟ ಮಾತಾಡೋರಿಗೆ, ನಮ್ಮನ್ನ ಯಾರು ತಗೋತಾರೆ’ ಅಂದುಕೊಂಡು ದೂರವೇ ಉಳಿಯುತ್ತಾರೆ. ಹಾಗೆ ಉಳಿಯಬೇಡಿ ಅಂತ ಹೇಳೋಕೇ ಇದನ್ನು ಬರೆಯುತ್ತಿದ್ದೇನೆ.

ಕಾನೂನು ಶಿಕ್ಷಣಕ್ಕೆ ನಿಯಮ ಮಾಡುವ ಬಾರ್ ಕೌನ್ಸಿಲ್‌ನ 2008ರ ನಿಯಮಗಳ ಪ್ರಕಾರ ಪ್ರತಿ ಲಾ ಕಾಲೇಜೂ ಒಂದು ಕಾನೂನು ನೆರವು ಕೇಂದ್ರ ನಡೆಸಬೇಕು. ಹಿರಿಯ ಅಧ್ಯಾಪಕರ ಉಸ್ತುವಾರಿ, ಕೊನೆ ವರ್ಷದ ವಿದ್ಯಾರ್ಥಿಗಳ ಕೆಲಸ, ಇದು ಅಲ್ಲಿರುವ ಲೆಕ್ಕ. ನಮ್ಮ ಬೋರ್ಡ್‌ನಲ್ಲಿ ಕನ್ವೀನರ್, ಸೆಕ್ರೆಟರಿ, ಖಜಾಂಚಿ, ಕ್ಯಾಂಪ್ (ಜನ ಇರುವ ಕಡೆಗೇ ಹೋಗಿ ನೆರವು ಕೊಡೋದು) ನೋಡಿಕೊಳ್ಳುವವರು ಇರುತ್ತಿದ್ದರು. ಚುನಾವಣೆ ಇರಲಿಲ್ಲ. ಒಂದು ಪುಟದ ಅರ್ಜಿ, ಆಮೇಲೆ ಇಂಟರ್ವ್ಯೂ, ಅಷ್ಟೇ.

ವಿದ್ಯಾರ್ಥಿಗಳು ಕೋರ್ಟಿನಲ್ಲಿ ವಾದ ಮಾಡೋ ಹಾಗಿಲ್ಲ. 1961ರ ಅಡ್ವೊಕೇಟ್ಸ್ ಕಾಯ್ದೆಯಲ್ಲಿ ಆ ಹಕ್ಕು ವಕೀಲರಿಗೆ ಮಾತ್ರ. ಹಾಗಾದರೆ ನಮ್ಮ ಕೆಲಸ ಏನು? ಜನರ ಮಾತು ಕೇಳಿಸಿಕೊಳ್ಳೋದು, ಅರ್ಜಿ ಬರೆದುಕೊಡೋದು, ಸರಿಯಾದ ಕಚೇರಿಗೆ ಮುಟ್ಟಿಸೋದು. ಕೇಳೋಕೆ ಸಣ್ಣ ಕೆಲಸ, ಆದರೆ ಬಹಳ ಜನರ ಕೇಸು ಈ ಹಂತದಲ್ಲೇ ನಿಂತು ಹೋಗುತ್ತದೆ.

ನಾನು ಮೊದಲ ವರ್ಷದಿಂದಲೇ ಕ್ಯಾಂಪಿಗೆ ಹೋಗ್ತಿದ್ದೆ. ಬೆಳಗ್ಗೆ ಪುಣೆಯ ವಾರಜೆಯಲ್ಲಿ, ಕೂಲಿಯವರು ಕೆಲಸಕ್ಕೆ ಕಾಯುವ ಮಜೂರ್ ಅಡ್ಡಾದಲ್ಲಿ ನಿಂತುಕೊಂಡರೆ ಕಿವಿಗೆ ಮರಾಠಿ ಎಷ್ಟು ಬೀಳುತ್ತದೋ ಕಲಬುರಗಿ, ಯಾದಗಿರಿ ಕಡೆಯ ಕನ್ನಡವೂ ಅಷ್ಟೇ ಬೀಳುತ್ತದೆ. ಸೀನಿಯರ್‌ಗಳು ಮರಾಠಿಯಲ್ಲಿ ಕರಪತ್ರ ಹಂಚುತ್ತಿದ್ದರು, ನಮ್ಮವರು ತಗೊಂಡು ಮಡಚಿ ಬುತ್ತಿಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದರು. ಒಂದು ದಿನ ಪಕ್ಕದಲ್ಲಿ ಕೂತಿದ್ದ ಒಬ್ಬ ಹೆಂಗಸಿಗೆ ‘ಅಕ್ಕಾ, ಪಗಾರ ಬರೋಬ್ಬರಿ ಕೊಡ್ತಾರೇನ್ರಿ?’ ಅಂದೆ. ‘ಯವ್ವಾ, ಮುಕಾದಮ (ಕೂಲಿಯವರನ್ನು ಕೆಲಸಕ್ಕೆ ಕರೆದೊಯ್ಯುವ ಮೇಸ್ತ್ರಿ) ಬಾಕಿ ಇಟ್ಕೊಂಡಾನ, ಕೇಳಿದ್ರ ನಾಳೆ ಅಂತಾನ. ಕೋರ್ಟಿಗಿ ಹೋಗ್ಲಾಕ ವಕೀಲರಿಗಿ ಕೊಡೋ ರೊಕ್ಕ ಎಲ್ಲದ?’ ಅಂದರು. ರೊಕ್ಕ ಬೇಕಾಗಿಲ್ಲ ಅಂತ ಅವರಿಗೆ ಯಾರೂ ಹೇಳಿರಲೇ ಇಲ್ಲ! 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರಿಗೆ ಉಚಿತ ವಕೀಲರು ಸಿಗುತ್ತಾರೆ, ಆದಾಯ ಎಷ್ಟಿದ್ದರೂ ಸರಿ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಮಕ್ಕಳಿಗೆ, ಕಸ್ಟಡಿಯಲ್ಲಿ ಇರುವವರಿಗೂ ಹಾಗೇ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ಆ ಅಕ್ಕ ಮರುದಿನ ಒಂದು ಹಳೇ ಕ್ಯಾಲೆಂಡರ್ ಹಾಳೆ ತಂದರು. ಅದರ ಹಿಂದೆ ಅವರ ಮಗಳು ಪೆನ್ಸಿಲಿನಲ್ಲಿ ದಿನದಿನದ ಹಾಜರಿ ಬರೆದಿದ್ದಳು, ಯಾವ ಸೈಟು, ಅರ್ಧ ದಿನವೋ ಪೂರ್ತಿ ದಿನವೋ, ಕೊಟ್ಟ ಉಚಲು (ಮುಂಗಡ) ಎಷ್ಟು, ಎಲ್ಲಾ. ಅದನ್ನೇ ಅರ್ಜಿಗೆ ಲಗತ್ತಿಸಿ ಶಿವಾಜಿನಗರದ ಕೋರ್ಟಿನಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕೊಟ್ಟೆವು. ಪ್ರಾಧಿಕಾರ ಕೊಟ್ಟ ಪ್ಯಾನೆಲ್ ವಕೀಲರ ನೋಟಿಸ್ ಹೋದ ಮೇಲೆ ಮುಕಾದಮ ಬಾಕಿ ಕೊಟ್ಟ.

ಈ ಕೇಸು ಗೆದ್ದಿದ್ದಕ್ಕೆ ನನ್ನನ್ನು ಬೋರ್ಡ್‌ಗೆ ತಗೊಂಡರು ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ. ಅರ್ಜಿ ಬರೆಯೋ ಮುಂಚೆ ನಾನು ಸೆಲ್‌ನ ಹಳೇ ರಿಜಿಸ್ಟರ್‌ಗಳನ್ನು ತೆಗೆಸಿ ಓದಿದೆ. ಹೆಸರು, ಊರು, ಸಮಸ್ಯೆ, ಯಾವ ಕಚೇರಿಗೆ ಕಳಿಸಿದೆವು, ಇಷ್ಟು ಕಾಲಂ. ಆಮೇಲೆ ಏನಾಯ್ತು ಅನ್ನೋ ಕಾಲಮ್ಮೇ ಇಲ್ಲ. ಪುಟ ಪುಟವೂ ಹಾಗೇ. ಮೋಸ ಯಾರದ್ದೂ ಅಲ್ಲ, ಕೊನೆ ವರ್ಷದವರು ಶ್ರದ್ಧೆಯಿಂದ ಮಾಡಿರುತ್ತಾರೆ, ಪರೀಕ್ಷೆ ಮುಗಿಸಿ ಹೊರಟು ಹೋಗುತ್ತಾರೆ, ಅವರ ಜೊತೆಗೇ ಆ ಜನರ ಫೋನ್ ನಂಬರು, ಮುಂದಿನ ತಾರೀಖು ಎಲ್ಲಾ ಹೋಗುತ್ತದೆ. ಮುಂದಿನ ವರ್ಷ ಅದೇ ಮನುಷ್ಯ ಬಂದರೆ ಮತ್ತೆ ಮೊದಲಿನಿಂದ ಕತೆ ಹೇಳಬೇಕು. ಕಷ್ಟದಲ್ಲಿ ಇರುವವರ ಕೈಲಿ ಹೀಗೆ ಮತ್ತೆ ಮತ್ತೆ ಹೇಳಿಸೋದು ನನಗೆ ಸಹಿಸೋಕೆ ಆಗೋದಿಲ್ಲ.

ಹಾಗಾಗಿ ಅರ್ಜಿಯಲ್ಲಿ ನನ್ನ ಮಾರ್ಕ್ಸು, ಮೂಟ್ ಕೋರ್ಟು (ಅಣಕು ಕೋರ್ಟಿನ ವಾದ ಸ್ಪರ್ಧೆ), ಡಿಬೇಟು ಎಲ್ಲವನ್ನೂ ಒಂದೇ ಸಾಲಿನಲ್ಲಿ ಮುಗಿಸಿದೆ. ಉಳಿದ ಪುಟದ ತುಂಬಾ ಮೂರೇ ವಿಷಯ ಬರೆದೆ. ರಿಜಿಸ್ಟರ್‌ನಲ್ಲಿ ‘ಮುಂದಿನ ಫೋನ್ ಯಾವಾಗ, ಯಾರು ಮಾಡಬೇಕು’ ಮತ್ತು ‘ಏನಾಯ್ತು’ ಅನ್ನೋ ಕಾಲಂ ಸೇರಿಸಬೇಕು. ಬಂದವರ ಹೆಸರು, ನಂಬರು ವಾಟ್ಸಾಪ್ ಗ್ರೂಪಿಗೆ ಹಾಕೋದು ನಿಲ್ಲಬೇಕು, ಅದರಲ್ಲೂ ಮನೆಯಲ್ಲಿ ಹೊಡೆತ ತಿಂದು ಬಂದವರದ್ದಂತೂ ಹಾಕಲೇಬಾರದು. ಬೋರ್ಡ್‌ನಲ್ಲಿ ಎರಡನೇ, ಮೂರನೇ ವರ್ಷದವರೂ ಇರಬೇಕು, ಆಗ ಕೇಸು ಕೈಯಿಂದ ಕೈಗೆ ದಾಟುತ್ತದೆ.

ಇಂಟರ್ವ್ಯೂನಲ್ಲಿ ಸೆಲ್‌ನ ಉಸ್ತುವಾರಿ ಮೇಡಂ ನೇರವಾಗಿ ಕೇಳಿದರು, ‘ಇದನ್ನೆಲ್ಲ ನೀನು ವಾಲಂಟಿಯರ್ ಆಗಿದ್ದೇ ಮಾಡಬಹುದಲ್ಲ, ಬೋರ್ಡ್ ಯಾಕೆ ಬೇಕು?’ ಒಳ್ಳೆ ಪ್ರಶ್ನೆ, ನಿಮಗೂ ಕೇಳುತ್ತಾರೆ, ಉತ್ತರ ಯೋಚಿಸಿಟ್ಟುಕೊಳ್ಳಿ. ‘ನಾನೊಬ್ಬಳೇ ಫೋನ್ ಮಾಡೋಕೆ ಬೋರ್ಡ್ ಬೇಡ ಮೇಡಂ, ಎಲ್ಲರೂ ಮಾಡಲೇಬೇಕು ಅನ್ನೋ ನಿಯಮ ತರೋಕೆ ಬೇಕು’ ಅಂದೆ. ಹಳೇ ಸೆಕ್ರೆಟರಿ, ಪರೀಕ್ಷೆ ಟೈಮಲ್ಲಿ ಯಾರು ಫೋನ್ ಮಾಡ್ತಾರೆ ಅಂತ ಕೇಳಿದ. ಸೆಮಿಸ್ಟರ್ ಟೈಮ್‌ಟೇಬಲ್ ನೋಡಿ ಬ್ಯಾಚ್ ಹಂಚಿದ ಹಾಳೆ ಬ್ಯಾಗಿನಲ್ಲೇ ಇತ್ತು, ತೆಗೆದು ಕೊಟ್ಟೆ. ಇಂಟರ್ವ್ಯೂ ಇಂಗ್ಲಿಷಿನಲ್ಲಿ ಶುರುವಾಗಿ ಅರ್ಧ ಮರಾಠಿಯಲ್ಲಿ ಮುಗಿಯಿತು, ಭಾಷೆಯ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಬೋರ್ಡ್ ಸೇರಿದ ಮೇಲೆ ಕೆಲಸ ಜಾಸ್ತಿ, ಹೆಸರು ಕಡಿಮೆ. ಪರ್ಮಿಷನ್ ಲೆಟರ್, ಬಿಲ್ಲು, ಮೀಟಿಂಗಿನ ಮಿನಿಟ್ಸ್ ಬರೆಯೋದು, ಇದರಲ್ಲೇ ಸಂಜೆ ಕಳೆಯುತ್ತದೆ. ಮೂಟ್ ಕೋರ್ಟಿಗೂ ಇದಕ್ಕೂ ಒಟ್ಟಿಗೆ ಟೈಮ್ ಸಿಗೋದು ಕಷ್ಟ, ನಾನು ಮೂಟ್ ಬಿಟ್ಟೆ. ಲೋಕ ಅದಾಲತ್ ದಿನ ಮಾತ್ರ ಕಾಲಿಗೆ ಪುರುಸೊತ್ತೇ ಇರಲ್ಲ. ಅಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತೆ, ಆದರೆ ಮೇಲೆ ಅಪೀಲು ಇಲ್ಲ. ಸಹಿ ಹಾಕೋ ಮುಂಚೆ ಇದನ್ನು ಜನರಿಗೆ ಅವರ ಮಾತಿನಲ್ಲೇ ಬಿಡಿಸಿ ಹೇಳುವವರು ಬೇಕೇ ಬೇಕು.

ನಾನು ಬಿಟ್ಟು ಬರುವಾಗ ಬೋರ್ಡ್‌ನಲ್ಲಿ ಎರಡನೇ ವರ್ಷದವರು ಇಬ್ಬರು ಇದ್ದರು, ಅದರಲ್ಲೊಬ್ಬಳು ಸೋಲಾಪುರದವಳು, ಕನ್ನಡ, ತೆಲುಗು ಎರಡೂ ಬರುತ್ತೆ. ನಿಮ್ಮ ಕಾಲೇಜಿನಲ್ಲಿ ಅರ್ಜಿ ಕರೆಯೋಕೆ ಇನ್ನೂ ಟೈಮಿದ್ದರೆ ಈ ವಾರವೇ ಹೋಗಿ ಹಳೇ ರಿಜಿಸ್ಟರ್ ಕೇಳಿ. ಎರಡು ಕ್ಯಾಂಪಿಗೆ ಹೋಗಿ ಬನ್ನಿ, ಆಮೇಲೆ ಅರ್ಜಿ ಬರೆಯೋಕೆ ಕೂತುಕೊಳ್ಳಿ.